ಹತ್ತು ದಿನದ ಮುಖ

ಮೂಗಿನ ಮೇಲೆ ಗಡ್ಡ ಬೆಳೆಯುವುದಿಲ್ಲ ಎಂಬುದನ್ನು ಕ್ಷೌರಿಕನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನುಣ್ಣಪ್ಪ ಕೆಲವು ತಿಂಗಳಿಂದ ದಿನಾ ಬೆಳಿಗ್ಗೆ ತನ್ನ ಮೂಗಿಗೆ ನೊರೆ ಹಚ್ಚಿಕೊಂಡು, ಹೊಸ ಬ್ಲೇಡು ಸಿಕ್ಕಿಸಿ, ಮೇಲಿನಿಂದ ಕೆಳಕ್ಕೆ ಒಂದು ಸಲ, ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ ಎಳೆದುಕೊಳ್ಳುತ್ತಿದ್ದ. ಯಾರಾದರೂ ನೋಡಿದ್ದರೆ ತಮ್ಮ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಅದಕ್ಕೇ ಅಂಗಡಿಯ ಶಟರ್ ಎತ್ತುವ ಮೊದಲೇ ಈ ಕೆಲಸ ಮುಗಿಸಿಬಿಡುತ್ತಿದ್ದ.

ನುಣ್ಣಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟದ್ದು. ಒಂದೇ ಕುರ್ಚಿ, ಎದುರೆದುರು ಎರಡು ಕನ್ನಡಿ, ಕಾಯುವವರಿಗೊಂದು ಬೆಂಚು, ಇಷ್ಟೇ ಅವನ ಅಂಗಡಿ. ಶೇವ್ ಮುಗಿದ ಮೇಲೆ ಬೆರಳ ಹಿಂಬದಿಯಿಂದ ಗಿರಾಕಿಯ ಕೆನ್ನೆಯನ್ನು ಕೆಳಗಿನಿಂದ ಮೇಲಕ್ಕೆ ಸವರಿ ನೋಡುವುದು ಅವನ ಅಭ್ಯಾಸ. ಒಂದೇ ಒಂದು ಕೂದಲು ಬೆರಳಿಗೆ ತಡೆದರೂ ಸಾಕು, ಬಿಡುವ ಆಸಾಮಿಯೇ ಅಲ್ಲ. ಉಲ್ಟಾ ಒಂದು ಸಲ ಎಳೀತೀನಿ, ಅಲ್ಲಾಡಬೇಡಿ ಎಂದು ಮತ್ತೆ ಬ್ರಷ್ಷಿಗೆ ಕೈ ಹಾಕುತ್ತಿದ್ದ. ಬಸ್ಸಿಗೆ ಹೊತ್ತಾಯಿತು ಎಂದರೂ ಕೇಳುತ್ತಿರಲಿಲ್ಲ. ಅವನ ಕೈಯಿಂದ ಎದ್ದ ಮುಖ ನುಣ್ಣಗೆ ಇರಬೇಕು, ಅಷ್ಟೆ.

ಅಂಥವನ ಮುಖಕ್ಕೇ ಹೀಗಾಗಿತ್ತು. ವಿಧಿಗೂ ತಮಾಷೆ ಮಾಡುವ ಚಟವಿದೆ ಎಂದು ಕಾಣುತ್ತದೆ.

ಅವನಿಗೆ ಹೊಸ ಕಿಡ್ನಿ ಹಾಕಿ ಹದಿನಾಲ್ಕು ತಿಂಗಳಾಗಿತ್ತು. ಕೊಟ್ಟವಳು ಅಕ್ಕ. ನಾಲ್ಕು ವರ್ಷಕ್ಕೆ ದೊಡ್ಡವಳು, ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುವವಳು. ಅಪ್ಪನ ಕಡೆಯ, ಅಮ್ಮನ ಕಡೆಯ ನೆಂಟರೆಲ್ಲ ಹಿಂದೆ ಮುಂದೆ ನೋಡುತ್ತಿದ್ದಾಗ ಅವಳು ಫ್ಯಾಕ್ಟರಿಗೆ ರಜೆ ಚೀಟಿ ಬರೆದುಕೊಟ್ಟು ಸೀದಾ ಆಸ್ಪತ್ರೆಗೆ ಬಂದು ಮಲಗಿದ್ದಳು. ಅವತ್ತಿನಿಂದ ನುಣ್ಣಪ್ಪ ಅದನ್ನು ಕಿಡ್ನಿ ಎಂದು ಕರೆದದ್ದೇ ಇಲ್ಲ. ಡಾಕ್ಟರು ಹೇಗಿದ್ದೀರಿ ಎಂದರೆ, ಅಕ್ಕನದು ಚೆನ್ನಾಗಿದೆ ಸಾರ್ ಎನ್ನುತ್ತಿದ್ದ. ಅದನ್ನು ಮೈ ಹೊರಗೆ ತಳ್ಳದಿರಲಿ ಎಂದು ಮೂರು ಥರದ ಮಾತ್ರೆ ಕೊಟ್ಟಿದ್ದರು. ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ. ಐದು ನಿಮಿಷವೂ ಆಚೀಚೆ ಆಗಲು ಅವನು ಬಿಡುತ್ತಿರಲಿಲ್ಲ. ಅಕ್ಕನ ವಸ್ತು ತನ್ನ ಹತ್ತಿರ ಇದೆ, ಅದಕ್ಕೆ ಏನೂ ಆಗಬಾರದು. ಅವನ ಬದುಕು ಈ ಒಂದು ಮಾತಿನ ಮೇಲೆ ನಿಂತಿತ್ತು.

ಒಂದು ದಿನ ಕೆಲಸದ ಮಧ್ಯೆ ಮಾಸ್ಕ್ ತೆಗೆಯಲು ಹೋದಾಗ ಬಟ್ಟೆಯ ಎಳೆ ಮೂಗಿಗೆ ಸಿಕ್ಕಿಕೊಂಡಿತು. ಬೆರಳಾಡಿಸಿದ. ಸಣ್ಣ ಸಣ್ಣ ಮುಳ್ಳು. ಕನ್ನಡಿಯ ಹತ್ತಿರ ಹೋಗಿ ನೋಡಿದರೆ ಮೂಗಿನ ತುದಿಯ ರಂಧ್ರ ರಂಧ್ರಕ್ಕೂ ಒಂದೊಂದು ಬಿಳಿ ಮೊನೆ ಎದ್ದು ನಿಂತಿದೆ. ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗಿ ಡಾಕ್ಟರ ಹತ್ತಿರ ಓಡುತ್ತಿದ್ದರು. ಇವನು ಕ್ಷೌರಿಕ. ಒರಟಾದದ್ದು ಕಂಡರೆ ಕೈ ತಾನಾಗಿಯೇ ಬ್ಲೇಡಿಗೆ ಹೋಗುತ್ತದೆ. ಬೋಳಿಸಿದ. ನುಣ್ಣಗಾಯಿತು. ಮೂರು ದಿನಕ್ಕೆ ಮತ್ತೆ ಬಂತು, ಮತ್ತೆ ಬೋಳಿಸಿದ. ಆಮೇಲೆ ಹಣೆ, ಹುಬ್ಬಿನ ನಡು, ಕಿವಿಯ ಅಂಚು. ಹುಬ್ಬಿನ ಕೂದಲು ಉದುರುತ್ತಾ ಬಂತು, ಮುಖವೆಲ್ಲ ಕೆಂಪು ಗುಳ್ಳೆ.

ತಿಂಗಳಿಗೊಮ್ಮೆ ಕಿಡ್ನಿ ಡಾಕ್ಟರನ್ನು ಕಾಣಲು ಹೋಗುವ ದಿನವಂತೂ ಅವನು ಇನ್ನೂ ಜಾಗ್ರತೆಯಿಂದ ಶೇವ್ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುತ್ತಿದ್ದ. ದೊಡ್ಡವರ ಎದುರು ಕೂರುವಾಗ ಒರಟು ಮುಖ ಹೊತ್ತು ಹೋಗುವುದುಂಟೇ? ಅವರಿಗೆ ಮುಳ್ಳು ಕಾಣಲಿಲ್ಲ, ಗುಳ್ಳೆ ಕಂಡಿತು. ಮೊಡವೆ ಇರಬೇಕೆಂದು ಒಂದು ಮುಲಾಮು ಬರೆದುಕೊಟ್ಟರು. ಮುಂದಿನ ತಿಂಗಳು ಇನ್ನೊಂದು. ಮುಲಾಮಿನ ಟ್ಯೂಬುಗಳು ಅಂಗಡಿಯ ಕಪಾಟಿನಲ್ಲಿ ಪೌಡರ್ ಡಬ್ಬದ ಪಕ್ಕ ಸಾಲಾಗಿ ನಿಂತವು. ಅಷ್ಟರಲ್ಲಿ ಗಿರಾಕಿಗಳ ಕಣ್ಣಿಗೂ ಬಿತ್ತು. ಉಸಿರು ತಾಗುವಷ್ಟು ಹತ್ತಿರ ಬಗ್ಗುವವನ ಹುಬ್ಬು ಉದುರಿ, ಹಣೆ ಗುಳ್ಳೆ ಎದ್ದರೆ ಯಾರಿಗೆ ತಾನೇ ಮುಜುಗರವಾಗದು? ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ. ಒಬ್ಬ ಗಡ್ಡ ಬಿಡ್ತಿದ್ದೀನಿ ಎಂದ. ಇನ್ನೊಬ್ಬ ಶೇವಿಂಗ್ ಮಿಷನ್ ತಗೊಂಡೆ ಎಂದ. ಒಂದು ವಾರದಲ್ಲಿ ಆ ಬೀದಿಯ ಅರ್ಧ ಗಂಡಸರಿಗೆ ಗಡ್ಡದ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತು. ಬಿಡದೆ ಬರುತ್ತಿದ್ದವನು ಬಸ್ ಕಂಡಕ್ಟರ್ ಒಬ್ಬನೇ. ದಿನಕ್ಕೆ ಐನೂರು ಜನ ಮೈ ಉಜ್ಜಿಕೊಂಡು ಹೋಗ್ತಾರೆ, ಅವರು ಕೊಡದೇ ಇರೋದನ್ನ ನೀನೇನು ಕೊಡ್ತೀಯ ಎಂದು ಅವನು ಕುರ್ಚಿಯಲ್ಲಿ ಕಾಲು ಚಾಚುತ್ತಿದ್ದ.

ಗಿರಾಕಿಗಳು ಹೋದದ್ದು ನುಣ್ಣಪ್ಪನಿಗೆ ಬೇಸರವೇನೋ ಹೌದು. ಆದರೆ ಕರುಳಿಗೆ ತಾಗಿದ್ದು ಅಕ್ಕ ಬರುವುದನ್ನು ನಿಲ್ಲಿಸಿದ್ದು. ಫ್ಯಾಕ್ಟರಿಗೆ ರಜೆ ಇದ್ದ ದಿನವೆಲ್ಲ ಅವಳು ಬರುತ್ತಿದ್ದಳು. ಅಂಗಡಿಯ ಹಿಂದಿನ ಕೋಣೆಯೇ ಅವನ ಮನೆ. ಸ್ಟವ್ವಿನ ಮುಂದೆ ನಿಂತು ಇಡೀ ಫ್ಯಾಕ್ಟರಿಯನ್ನು ಬೈದು, ಅವನಿಗೆ ಊಟ ಹಾಕಿ, ಮಾತ್ರೆ ಡಬ್ಬಿ ತೆಗೆದು ನೋಡಿ ಹೋಗುತ್ತಿದ್ದಳು. ಹಾಗೆ ಬಂದವಳು ಒಂದು ಮಧ್ಯಾಹ್ನ, ಏನೋ ಇದು, ಮೂಗಿನ ಮೇಲೆ ಹಿಟ್ಟು ಅಂಟಿದೆ ಎಂದು ಒರೆಸಲು ಬೆರಳು ಹಾಕಿದಳು. ಬೆರಳಿಗೆ ಮುಳ್ಳು ತಾಗಿತು. ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ಅಂಗಿಯ ತುಂಬು ತೋಳನ್ನು ಬೆರಳ ಗಂಟಿನವರೆಗೂ ಜಗ್ಗಿಕೊಂಡು, ಹೊತ್ತಾಯಿತು ಎಂದು ಎದ್ದು ಹೋದಳು. ಆಮೇಲೆ ಬರೀ ಫೋನು. ಓವರ್‌ಟೈಮ್ ಇದೆ ಕಣೋ, ಮುಂದಿನ ವಾರ ಬರ್ತೀನಿ. ಆ ಮುಂದಿನ ವಾರ ಬರಲೇ ಇಲ್ಲ.

ಅಸಹ್ಯ ಪಟ್ಟುಕೊಂಡಳು ಎಂದು ನುಣ್ಣಪ್ಪ ತಿಳಿದ. ತಿಳಿದು, ತಾನು ಅದಕ್ಕೆ ತಕ್ಕವನೇ ಎಂದೂ ಅಂದುಕೊಂಡ. ಅಕ್ಕನ ತೋಳುಗಳು ಹುಟ್ಟಾ ಒರಟು, ಕೂದಲಿನ ಬುಡಬುಡಕ್ಕೂ ಸಾಸಿವೆಯಷ್ಟು ಗಂಟು. ಚಿಕ್ಕಂದಿನಲ್ಲಿ ಇವನು ಅವಳನ್ನು ಹಾಗಲಕಾಯಿ ಎಂದು ಕರೆದು ಬೀದಿಯ ಮಕ್ಕಳನ್ನೆಲ್ಲ ನಗಿಸಿದ್ದ. ಅವಳು ತುಂಬು ತೋಳಿನ ಅಂಗಿ ಹಿಡಿದದ್ದು ಆಗಿನಿಂದ. ಬಿಸಿಲು ಎಷ್ಟೇ ಸುಡಲಿ, ಮಡಿಸಿದವಳಲ್ಲ.

ಮೂರನೇ ಮುಲಾಮೂ ಕೈಕೊಟ್ಟ ಮೇಲೆ ಕಿಡ್ನಿ ಡಾಕ್ಟರು ಅವನನ್ನು ಚರ್ಮದ ಡಾಕ್ಟರ ಹತ್ತಿರ ಕಳಿಸಿದರು. ಆ ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಮಾತು ಕಡಿಮೆ. ಕೈಯಲ್ಲಿ ದೀಪವಿರುವ ಭೂತಗನ್ನಡಿ ಹಿಡಿದು ಅವನ ಮುಖವನ್ನು ಹಣೆಯಿಂದ ಗದ್ದದವರೆಗೆ ಅಂಗುಲ ಅಂಗುಲ ನೋಡುತ್ತಾ ಬಂದು ಮೂಗಿನ ತುದಿಯಲ್ಲಿ ನಿಂತರು. ಅಲ್ಲಿ ಅಕ್ಕಿ ಕಾಳಿನುದ್ದದ ಒಂದು ಗಾಯವಿತ್ತು.

"ಇಲ್ಲಿ ಏನಾಯ್ತು?"

"ಶೇವ್ ಮಾಡ್ತಾ ಕೈ ತಪ್ಪಿತು ಮೇಡಂ."

"ಬೇರೆಯವರ ಮುಖದ ಮೇಲೆ ತಪ್ಪದ ಕೈ ನಿಮ್ಮ ಮೂಗಿನ ಮೇಲೆ ತಪ್ಪಿತಾ?"

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಅವನು ಎಲ್ಲ ಹೇಳಿಕೊಂಡ. ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟು, ನೀವು ದಿನಾ ಸಾಕ್ಷಿ ಅಳಿಸಿಹಾಕಿ ನಮ್ಮ ಹತ್ತಿರ ಬರ್ತಿದ್ದೀರಿ ಎಂದರು. ಹತ್ತು ದಿನ ಬ್ಲೇಡು ಮುಟ್ಟಬೇಡಿ, ಆ ಮುಖ ತಗೊಂಡು ಬನ್ನಿ, ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸೋಣ. ನೀವು ಹೇಳೋದು ಕೇಳಿದರೆ ಕೂದಲ ಬುಡಕ್ಕೆ ಬರುವ ಒಂದು ವೈರಸ್ ಇರಬಹುದು ಅನಿಸುತ್ತೆ. ಪರೀಕ್ಷೆಯಲ್ಲಿ ಅದೇ ಅಂತ ಬಂದರೆ ಏನು ಮಾಡ್ತೀರಿ ಎಂದು ಅವನು ಕೇಳಿದ. ರೋಗ ತಡೆಯುವ ಮೈಯ ಕಾವಲನ್ನು ಮಂಕು ಮಾಡಿರುವ ಮಾತ್ರೆಗಳಲ್ಲಿ ಒಂದನ್ನು ಸ್ವಲ್ಪ ಇಳಿಸಬೇಕಾಗಬಹುದು ಎಂದರು.

ಅವನಿಗೆ ಹಿಂದೆ ಕೇಳಿದ್ದ ಒಂದು ಮಾತು ನೆನಪಾಯಿತು. ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಜಾಗದಲ್ಲಿ ಒಬ್ಬ ಮುದುಕ ಸಿಗುತ್ತಿದ್ದ. ಕಿಡ್ನಿ ಹಾಕಿಸಿಕೊಂಡು ಹತ್ತೊಂಬತ್ತು ವರ್ಷವಾದವನು, ಎಲ್ಲರೂ ಅವನನ್ನು ಸೀನಿಯರ್ ಎನ್ನುತ್ತಿದ್ದರು. ಚರ್ಮದ ತೊಂದರೆ ಅಂತ ಬಾಯಿ ಬಿಟ್ಟರೆ ಮಾತ್ರೆ ಇಳಿಸ್ತಾರೆ, ಇಳಿಸಿದರೆ ಹೊಸ ಕಿಡ್ನಿ ಮುನಿಸಿಕೊಳ್ಳುತ್ತೆ, ನಮ್ಮ ಬ್ಯಾಚಿನಲ್ಲಿ ಇಬ್ಬರದ್ದು ಹಾಗೇ ಹೋಯ್ತು ಎಂದು ಅವನು ಕಿವಿಯಲ್ಲಿ ಹೇಳಿದ್ದ. ಸೀನಿಯರ್ ಡಾಕ್ಟರಲ್ಲ ನಿಜ. ಆದರೆ ಹೆದರಿದವನಿಗೆ ಡಾಕ್ಟರಿಗಿಂತ ಪಕ್ಕದ ಬೆಂಚಿನವನ ಮಾತೇ ಹೆಚ್ಚು ರುಚಿಸುತ್ತದೆ. ನುಣ್ಣಪ್ಪ ಡಾಕ್ಟರು ಪರೀಕ್ಷೆಗೆ ಬರೆದುಕೊಟ್ಟ ಚೀಟಿಯನ್ನು ಮಡಿಸಿ ಜೇಬಿಗಿಟ್ಟು, ಅಂಗಡಿಗೆ ಬಂದು ಹಳೇ ಬಾಚಣಿಗೆಗಳ ಡ್ರಾಯರಿನಲ್ಲಿ ಹಾಕಿದ. ಮುಖ ಏನಾದರೂ ಆಗಲಿ, ಅಕ್ಕನದಕ್ಕೆ ಕೈ ಹಾಕಲು ಬಿಡುವುದಿಲ್ಲ ಎಂದು ಕನ್ನಡಿಯ ಎದುರು ನಿಂತು ತೀರ್ಮಾನ ಮಾಡಿದ. ಮರುದಿನ ಬೆಳಿಗ್ಗೆ ಮತ್ತೆ ಮೂಗಿಗೆ ನೊರೆ ಹಚ್ಚಿಕೊಂಡ.

ಗಾಯ ಒಣಗಲಿಲ್ಲ. ಅವನು ಅದಕ್ಕೆ ಪಟಿಕ ಉಜ್ಜಿದ. ಇಪ್ಪತ್ತು ವರ್ಷ ಎಲ್ಲರ ಗಾಯಕ್ಕೂ ಅದನ್ನೇ ಉಜ್ಜಿದ್ದ, ಎಲ್ಲರದ್ದೂ ವಾಸಿಯಾಗಿತ್ತು. ಅವರ ಮೈಯ ಕಾವಲು ಎಚ್ಚರವಿತ್ತು, ತನ್ನದು ತೂಕಡಿಸುತ್ತಿದೆ ಎಂಬುದು ಅವನಿಗೆ ಹೊಳೆಯಲಿಲ್ಲ. ನಾಲ್ಕನೇ ದಿನ ಮೂಗು ಊದಿ, ಕಣ್ಣು ಮುಚ್ಚಿಹೋಗಿ, ಚಳಿಜ್ವರ ಬಂತು. ಶೇವಿಂಗಿಗೆಂದು ಬಂದ ಕಂಡಕ್ಟರ್ ಕುರ್ಚಿಯಲ್ಲಿ ನಡುಗುತ್ತಾ ಕೂತ ಕ್ಷೌರಿಕನನ್ನು ನೋಡಿ, ಎಬ್ಬಿಸಿ, ಅವನ ಚೀಲವನ್ನೂ ಎತ್ತಿಕೊಂಡು, ತನ್ನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿ ಆಸ್ಪತ್ರೆಗೆ ಸೇರಿಸಿದ. ಅಕ್ಕನಿಗೆ ಫೋನು ಮಾಡಿದವನೂ ಅವನೇ.

ಅಕ್ಕ ಬಂದಳು. ರಜೆ ಹಾಕಿ ದಿನವಿಡೀ ಇದ್ದಳು. ಆದರೆ ಅವಳು ಇದ್ದ ರೀತಿಯಿಂದ ಅವನಿಗೆ ಇನ್ನೂ ನೋವಾಯಿತು. ಲೋಟ ಕೊಡಬೇಕಾದರೆ ಮೇಜಿನ ಮೇಲೆ ಇಟ್ಟು ಸರಿಯುತ್ತಿದ್ದಳು. ಹೊದಿಕೆ ಹೊದಿಸುವಾಗ ಕೈಗೆ ಗ್ಲೌಸು. ಮಾತಿನಮಲ್ಲಿ ಎನಿಸಿಕೊಂಡಿದ್ದವಳ ಬಾಯಿಗೆ ಬೀಗ ಬಿದ್ದಿತ್ತು. ಅವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಸೂಜಿಯ ಔಷಧಿಗೆ ಜ್ವರ ಬಿಟ್ಟಿತು, ಬಾವು ಇಳಿಯಿತು. ಅವನು ಸೇರಿದ ದಿನವೇ ವಾರ್ಡಿನ ಸಿಸ್ಟರ್ ಅವನ ಚೀಲದಿಂದ ರೇಜರ್ ತೆಗೆದಿಟ್ಟುಕೊಂಡಿದ್ದರು. ಬಾವು ಇಳಿದ ಮೇಲೆ ಮುಳ್ಳುಗಳು ತಡೆಯುವವರಿಲ್ಲದೆ ಬೆಳೆದವು. ಮೂಗು, ಹಣೆ, ಕಿವಿ, ಗದ್ದ, ಎಲ್ಲೆಲ್ಲೂ ಬೆಳ್ಳಗೆ. ಹತ್ತನೇ ದಿನ ಚರ್ಮದ ಡಾಕ್ಟರು ವಾರ್ಡಿಗೆ ಬಂದು ನಿಂತು ನೋಡಿ, ಅಂತೂ ಈ ಮುಖ ನೋಡಲು ಸಿಕ್ಕಿತು ಎಂದರು. ಸೂಜಿ ಚುಚ್ಚಿ ಜಾಗ ಮರಗಟ್ಟಿಸಿ, ಬೇಳೆಯಷ್ಟು ಚರ್ಮ ತೆಗೆದು, ಒಂದು ಹೊಲಿಗೆ ಹಾಕಿದರು.

ರಿಪೋರ್ಟ್ ಬಂದ ದಿನ ಇಬ್ಬರನ್ನೂ ಕೋಣೆಗೆ ಕರೆದು ಕೂರಿಸಿದರು. ಅನುಮಾನ ನಿಜವಾಗಿತ್ತು, ವೈರಸ್. ಕೂದಲ ಬುಡದಲ್ಲಿ ಸೇರಿಕೊಂಡು, ಉಗುರಿನಂಥ ಗಟ್ಟಿ ಪದಾರ್ಥವನ್ನು ಮುಳ್ಳಿನ ಹಾಗೆ ಹೊರಗೆ ತಳ್ಳುತ್ತದೆ. ಗಟ್ಟಿಮುಟ್ಟಾದವರಿಗೆ ಏನೂ ಮಾಡುವುದಿಲ್ಲ, ಮೈಯ ಕಾವಲು ತಗ್ಗಿದವರಲ್ಲಿ ಅಪರೂಪಕ್ಕೆ ಹೀಗೆ ತಲೆ ಎತ್ತುತ್ತದೆ. ಗಿರಾಕಿಗಳು ಹೆದರುವ ಕಾರಣವಿಲ್ಲ. ಅಷ್ಟು ಹೇಳಿ ಡಾಕ್ಟರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ, ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಅಕ್ಕ ತಲೆ ಎತ್ತಿದಳು.

"ಡಾಕ್ಟ್ರೇ, ಕಿಡ್ನಿ ಕೊಟ್ಟವರ ಚರ್ಮ ಅದರ ಜೊತೆ ಬಂದುಬಿಡುತ್ತಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಅಕ್ಕ ಮಣಿಕಟ್ಟಿನ ಗುಂಡಿ ಬಿಚ್ಚಿ, ಅಂಗಿಯ ತೋಳನ್ನು ಭುಜದವರೆಗೂ ಸರಿಸಿ, ತೋಳನ್ನು ಮೇಜಿನ ಮೇಲೆ ದೀಪದ ಕೆಳಗೆ ಚಾಚಿದಳು. ನಲವತ್ತು ವರ್ಷದಲ್ಲಿ ಅವಳು ತಾನಾಗಿಯೇ ಆ ತೋಳನ್ನು ಹೊರಗಿನವರಿಗೆ ತೋರಿಸಿದ್ದು ಅದೇ ಮೊದಲು. ನನ್ನಿಂದಲೇ ಅಲ್ವಾ ಇವನಿಗೆ ಬಂದಿದ್ದು, ಮೊದಲೇ ಹೇಳಬೇಕಿತ್ತು, ಹೇಳಿದರೆ ಎಲ್ಲಿ ನಂದು ಬೇಡ ಅಂತಾರೋ ಅಂತ ಆಪರೇಷನ್ನಿಗೆ ಮುಂಚೆ ಬಾಯಿ ಮುಚ್ಚಿಕೊಂಡಿದ್ದೆ, ಇವನ ಮೂಗು ಮುಟ್ಟಿದ ದಿನ ಗೊತ್ತಾಯ್ತು, ಮತ್ತೆ ಮುಟ್ಟಿದರೆ ಇನ್ನೂ ಹೆಚ್ಚಾಗುತ್ತೇನೋ ಅಂತ ದೂರ ಇದ್ದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಡಾಕ್ಟರು ತಮ್ಮ ಬರಿಗೈಯಿಂದ ಆ ತೋಳನ್ನು ಮೇಲಿಂದ ಕೆಳಗೆ ಸವರಿದರು. ಇದು ನಿಮ್ಮ ಚರ್ಮದ ಹುಟ್ಟುಗುಣ, ಬಹಳ ಜನಕ್ಕೆ ಇರುತ್ತೆ, ಯಾರಿಗೂ ಅಂಟಲ್ಲ, ಕಿಡ್ನಿ ಜೊತೆ ಹೋಗೋದೂ ಇಲ್ಲ ಎಂದರು. ಆ ವೈರಸ್ ಯಾರಿಂದ ಯಾವಾಗ ಬಂತೆಂದು ಯಾರೂ ಹೇಳಲಾರರು, ಚಿಕ್ಕಂದಿನಿಂದಲೇ ಎಷ್ಟೋ ಜನರ ಮೈಯಲ್ಲಿ ಸುಮ್ಮನೆ ಇರುತ್ತದೆ, ನನ್ನ ಮೈಯಲ್ಲೂ ಇರಬಹುದು ಎಂದರು. ಅಕ್ಕ ನಂಬಲಾರದೆ ಇನ್ನೊಂದು ಸಲ ಕೇಳಿದಳು. ಅವರು ಇನ್ನೊಂದು ಸಲ ಹೇಳಿದರು.

ನುಣ್ಣಪ್ಪನಿಗೆ ನಾಚಿಕೆಯಿಂದ ಕುಗ್ಗಿಹೋಗುವಂತಾಯಿತು. ಇವಳು ತನ್ನನ್ನು ಕಂಡು ಹೇಸಿದಳೆಂದು ತಾನು ಗೋಡೆಗೆ ಮುಖ ಮಾಡಿ ಮಲಗಿದ್ದೇನು, ಇವಳು ತನ್ನಿಂದಲೇ ತಮ್ಮ ಹಾಳಾದನೆಂದು ಗ್ಲೌಸು ಹಾಕಿಕೊಂಡದ್ದೇನು. ಆ ತೋಳು ಬಚ್ಚಿಡಬೇಕಾದದ್ದು ಎಂದು ಅವಳಿಗೆ ಕಲಿಸಿದವನು ಬೇರೆ ಯಾರೂ ಅಲ್ಲ, ಅವನೇ.

ಡಾಕ್ಟರು ಮುಂದಿನ ಮಾತಿಗೆ ಬಂದರು. ಹಚ್ಚಲು ಒಂದು ಮುಲಾಮು, ಅದರ ಜೊತೆ ಮೂರು ಮಾತ್ರೆಗಳಲ್ಲಿ ಒಂದನ್ನು ಅರ್ಧಕ್ಕೆ ಇಳಿಸುವುದು. ಕಿಡ್ನಿ ಡಾಕ್ಟರ ಜೊತೆ ಮಾತಾಡಿಯಾಗಿದೆ, ವಾರ ವಾರ ರಕ್ತ ನೋಡುತ್ತಾರೆ. ಅಪಾಯವೇ ಇಲ್ಲ ಎಂದು ಹೇಳಲಾರೆ, ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ ಎಂದಷ್ಟೇ ಹೇಳಬಲ್ಲೆ ಎಂದರು.

"ಬೇಡ ಮೇಡಂ, ಈ ಮುಖದಲ್ಲೇ ಇರ್ತೀನಿ" ಎಂದ ನುಣ್ಣಪ್ಪ. "ಅಂಗಡಿ ಮುಚ್ಚಿದ್ರೂ ಪರವಾಗಿಲ್ಲ. ಅದಕ್ಕೇನಾದ್ರೂ ಆದ್ರೆ ಅಕ್ಕನಿಗೆ ನಾನು ಏನಂತ ಉತ್ತರ ಕೊಡ್ಲಿ?"

ಅಕ್ಕ ಸರಿಸಿದ ತೋಳನ್ನು ಕೆಳಗೆ ಬಿಡುವುದನ್ನು ಮರೆತು ಅವನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು, ಮೂಗಿನ ತುದಿಯಲ್ಲಿ ಕೋಪವೂ ಇತ್ತು.

"ಉತ್ತರ ಕೇಳಿದ್ದು ಯಾರೋ? ನಾನೇನು ನಿನ್ನನ್ನ ಕಾವಲಿಗೆ ಇಟ್ಟಿದ್ದೀನಾ? ನೀನು ಇರ್ಲಿ ಅಂತ ಕೊಟ್ಟೆ ಕಣೋ. ಇಷ್ಟು ದಿನ ಕಿಡ್ನಿ ಚೆನ್ನಾಗೇ ಇತ್ತು, ನೀನೇ ಇರ್ಲಿಲ್ಲ."

ನೀನೂ ಬರಲಿಲ್ಲವಲ್ಲ ಎನ್ನಬೇಕೆಂದುಕೊಂಡ, ಅವಳ ಬರಿಯ ತೋಳು ನೋಡಿ ಬಿಟ್ಟ. ಡಾಕ್ಟರ ಕಡೆ ತಿರುಗಿ, ಯಾವ ಮಾತ್ರೆ ಅರ್ಧ ಮಾಡಬೇಕು ತೋರಿಸಿ ಎಂದ.

ಮೊದಲ ವಾರದ ರಕ್ತದಲ್ಲಿ, ಏರಬಾರದ ಕಿಡ್ನಿಯ ಅಂಕಿ ಕೂದಲೆಳೆಯಷ್ಟು ಏರಿತ್ತು. ಒಂದು ಸಲದ ಏರಿಕೆಗೆ ತಲೆ ಕೆಡಿಸಿಕೊಳ್ಳಬೇಡಿ, ಮುಂದಿನ ವಾರ ನೋಡೋಣ ಎಂದರು ಕಿಡ್ನಿ ಡಾಕ್ಟರು. ಹೇಳುವುದು ಸುಲಭ. ಬೆಳಿಗ್ಗೆ ಎಂಟಕ್ಕೆ ನುಣ್ಣಪ್ಪ ಮಾತ್ರೆಯನ್ನು ಎರಡು ತುಂಡು ಮಾಡಿ, ಒಂದನ್ನು ನುಂಗಿ, ಇನ್ನೊಂದನ್ನು ಅಂಗೈಯಲ್ಲಿಟ್ಟುಕೊಂಡು ಬೇಸಿನ್ನಿನ ಮುಂದೆ ಬಹಳ ಹೊತ್ತು ನಿಲ್ಲುತ್ತಿದ್ದ. ನುಂಗಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ದಿನಾ ಅದೇ ಯೋಚನೆ, ದಿನಾ ಆ ತುಂಡು ಡಬ್ಬಿಗೇ ಹೋಗುತ್ತಿತ್ತು. ಮುಖಕ್ಕೂ ಬ್ಲೇಡು ಹಾಕಲಿಲ್ಲ. ಅಂಗಡಿಯನ್ನು ಮಾತ್ರ ತೆರೆದ, ಮಾಸ್ಕಿನ ಮೇಲೆ ಮುಳ್ಳಿನ ಹಣೆ ಹೊತ್ತುಕೊಂಡೇ ಕಂಡಕ್ಟರನ ಗಡ್ಡ ತೆಗೆದ. ಕಂಡಕ್ಟರ್ ಕನ್ನಡಿಯಲ್ಲಿ ಅವನನ್ನು ನೋಡಿ, ಈ ಮುಖ ನೋಡಿದ್ರೆ ಇನ್ಮೇಲೆ ನಿನ್ನ ಹತ್ತಿರ ಸಾಲಕ್ಕೆ ಶೇವ್ ಮಾಡಿಸ್ಕೊಳ್ಳೋ ಧೈರ್ಯ ಯಾರಿಗೂ ಇಲ್ಲ ಬಿಡು ಎಂದ. ಬಹಳ ದಿನದ ಮೇಲೆ ನುಣ್ಣಪ್ಪನಿಗೆ ನಗು ಬಂತು.

ಎರಡನೇ ವಾರ ರಕ್ತ ಕೊಟ್ಟು ರಿಪೋರ್ಟಿಗೆ ಕಾಯಲು ಇಬ್ಬರೂ ಲ್ಯಾಬಿನ ಮುಂದಿನ ಬೆಂಚಿನಲ್ಲಿ ಕೂತರು. ಹಿಂದಿನ ರಾತ್ರಿ ಅವನಿಗೆ ಕಣ್ಣು ಹತ್ತಿರಲಿಲ್ಲ. ಅಕ್ಕ ಅಂದು ಗಿಡ್ಡ ತೋಳಿನ ಅಂಗಿ ಹಾಕಿಕೊಂಡು ಬಂದಿದ್ದಳು. ಫ್ಯಾಕ್ಟರಿಯ ಸೂಪರ್‌ವೈಸರನ್ನು ಬೈಯುವುದರಲ್ಲಿ ಮಗ್ನಳಾಗಿದ್ದಳು. ಕೇಳುತ್ತಾ ಕೇಳುತ್ತಾ ಅವನ ಕತ್ತು ವಾಲಿ, ಕೆನ್ನೆ ಅವಳ ಬರಿಯ ತೋಳಿನ ಮೇಲೆ ಬಿತ್ತು. ಅವನ ಮುಳ್ಳು ಅವಳಿಗೆ ಚುಚ್ಚಿರಲೇಬೇಕು. ಗಾಬರಿಯಿಂದ ಎಳೆದುಕೊಳ್ಳಲು ನೋಡಿದ. ಅವಳು ಬೈಯುವುದನ್ನು ನಿಲ್ಲಿಸದೆ, ಇನ್ನೊಂದು ಕೈಯಿಂದ ಅವನ ತಲೆಯನ್ನು ಅಲ್ಲೇ ಒತ್ತಿ ಹಿಡಿದಳು.

ಅಷ್ಟರಲ್ಲಿ ರಿಪೋರ್ಟ್ ಕೊಡಲು ಲ್ಯಾಬಿನ ಕಿಟಕಿಯಿಂದ ಅವನ ಹೆಸರು ಕೂಗಿದರು. ಅವನು ದಡಬಡಿಸಿ ಏಳಲು ಹೋದ.

"ಮಲ್ಕೊಳೋ" ಎಂದಳು ಅಕ್ಕ. "ಇನ್ನೊಂದ್ಸಲ ಕೂಗ್ತಾರೆ."